ಮೂರನೇ ಕೀ

ಕೀ ಕಳೆದುಕೊಂಡವರೆಲ್ಲ ನನ್ನ ಮುಂದೆ ಒಂದೇ ಪಲ್ಲವಿ ಹಾಡುತ್ತಾರೆ: "ಇಲ್ಲೇ ಇಟ್ಟಿದ್ದೆ." ಇಲ್ಲೇ ಇಟ್ಟಿದ್ದರೆ ಇಲ್ಲೇ ಇರಬೇಕಿತ್ತಲ್ಲ ಸ್ವಾಮಿ ಎಂದು ನಾನು ರೇಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಕಾರಿನ ಕೀ ಮಾಡುತ್ತಿದ್ದೇನೆ, ಬಾಯಿ ಮಾತ್ರ ರಿಪೇರಿಯಾಗಿಲ್ಲ. ಜನ ನನ್ನನ್ನು 'ಕೀ ಮಾಮ' ಎನ್ನುತ್ತಾರೆ. ಬೈಸಿಕೊಂಡರೂ ಬರುತ್ತಾರೆ.

ಸಿಸ್ಟರ್ ಹಾಗೆ ಹೇಳಲಿಲ್ಲ. ಮಂಗಳವಾರ ಅವರ ಮನೆಯ ಮುಂದೆ ನಿಂತಿದ್ದ ಬಿಳಿ ಕಾರಿನ ಹತ್ತಿರ ಹೋದಾಗ, "ನನ್ನ ತಲೆ ಸರಿ ಇಲ್ಲ ಕಣಪ್ಪ. ಎಲ್ಲಿಟ್ಟೆನೋ ಗೊತ್ತಿಲ್ಲ" ಎಂದರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷದಿಂದ ನರ್ಸ್ ಆಗಿ ದುಡಿಯುತ್ತಿರುವವರು. ಬಾಗಿಲ ಬೀಗಕ್ಕೆ ಕಡ್ಡಿ ತೂರಿಸಿ ಒಳಗಿನ ಹಲ್ಲುಗಳ ಅಳತೆ ತೆಗೆಯುತ್ತ, "ನನ್ನ ಮಗಳೂ ನಿಮ್ಮ ಕೈಯಲ್ಲೇ ಹುಟ್ಟಿದ್ದು" ಎಂದೆ.

"ಗೊತ್ತು. ಬೆಳಗಿನ ಜಾವ, ಎರಡು ಮುಕ್ಕಾಲು ಕೆಜಿ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ಕೊಂಡಿತ್ತು. ನೀನು ಕಾರಿಡಾರಲ್ಲಿ ವಾರ್ಡ್ ಬಾಯ್ ಜೊತೆ ಜಗಳಕ್ಕೆ ನಿಂತಿದ್ದೆ."

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ನನಗೇ ಆ ಜಗಳ ಮರೆತುಹೋಗಿತ್ತು.

ಈ ತಲೆಗೆ ಏನಾಗಿದೆ ಎಂದು ಕೇಳಿದೆ. ಹೇಳಿದರು. ಎರಡು ತಿಂಗಳ ಹಿಂದೆ ಒಂದು ಕೀ ಹೋಯಿತು, ನಿನ್ನೆ ಇನ್ನೊಂದು. ಸಾಯಂಕಾಲ ಮಾವಿನ ಮರದ ಕೆಳಗೆ ನಿಲ್ಲಿಸಿದ ಕಾರು ಬೆಳಿಗ್ಗೆ ಗೇಟಿನ ಹತ್ತಿರ ಇರುತ್ತದೆ. ಸೀಟು ಹಿಂದಕ್ಕೆ ಸರಿದಿರುತ್ತದೆ. ವರ್ಷದಿಂದ ಜೊತೆಗಿರುವ ತಮ್ಮ, "ಅಕ್ಕ, ನೀನೇ ನಿಲ್ಲಿಸಿದ್ದು, ಮರೆತಿದೀಯ" ಎನ್ನುತ್ತಾನೆ. ಗುರುವಾರ ಮೂರು ಗಂಟೆಗೆ ಅವನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ.

"ಮರೆವು ಅಂತ ಡಾಕ್ಟರು ಬರೆದುಕೊಟ್ರೆ ವಾರ್ಡಲ್ಲಿ ಕೆಲಸಕ್ಕೆ ಸೇರಿಸಲ್ಲ. ಸೂಜಿ ಹಿಡಿಯೋ ಕೈ ನೋಡು. ಮನೆ, ಸಹಿ, ಎಲ್ಲ ತಮ್ಮನ ಕೈಗೆ ಹೋಗುತ್ತೆ."

ಹೊಸ ಕೀ ಕೊರೆದು, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ನನ್ನ ಮಿಷನ್ನಿನ ವೈರು ಚುಚ್ಚಿದೆ. ಈಗಿನ ಕಾರಿಗೆ ಕಬ್ಬಿಣದ ಹಲ್ಲು ಸಾಲದು. ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಕಾರು ಅದನ್ನು ನೀನ್ಯಾರು ಎಂದು ಕೇಳುತ್ತದೆ, ಚಿಪ್ ಉತ್ತರ ಕೊಡುತ್ತದೆ. ಗುರುತಿನ ಕೀಯಾದರೆ ಇಂಜಿನ್ ಏಳುತ್ತದೆ. ಅಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತದೆ ಅಷ್ಟೆ. ಯಾವ ಯಾವ ಕೀ ತನ್ನದು ಎಂಬುದನ್ನು ಕಾರು ಮರೆಯುವುದಿಲ್ಲ.

ಮಿಷನ್ನಿನ ಪರದೆ ನೋಡಿ ಕೇಳಿದೆ: "ಕೊಳ್ಳುವಾಗ ಎಷ್ಟು ಕೀ ಕೊಟ್ರು?"

"ಎರಡು."

"ಈ ಹೊಸದನ್ನ ಬಿಟ್ಟೇ ಇದು ಮೂರು ಅಂತಿದೆ."

ಅವರು ಬಾನೆಟ್ಟಿನ ಮೇಲೆ ಕೈಯೂರಿದರು. "ನಾನೇ ಮಾಡಿಸಿ ಮರೆತಿರಬಹುದಾ?"

ಮಗುವಿನ ತೂಕ ಹತ್ತೊಂಬತ್ತು ವರ್ಷ ನೆನಪಿಟ್ಟುಕೊಂಡ ಹೆಂಗಸಿನ ತಲೆಯೊಳಗೆ ಯಾರೋ ಇಂಥ ಪ್ರಶ್ನೆ ನೆಟ್ಟು ದಿನಾ ನೀರೆರೆಯುತ್ತಿದ್ದರು.

"ಕಾರು ಬೇರೆಯವರು ಓಡಿಸ್ತಿದಾರೆ ಸಿಸ್ಟರ್. ಮನೆಯೊಳಗಿನವರೇ."

"ತಮ್ಮ ಅಲ್ಲ," ಎಂದರು ತಕ್ಷಣ. "ನಾನು ಎತ್ತಿ ಬೆಳೆಸಿದವನು ಅವನು."

ನಾನು ಹೆಸರೆತ್ತಿರಲಿಲ್ಲ.

ಹಳೆಯ ಮೂರೂ ಕೀಗಳ ಗುರುತನ್ನು ಅಳಿಸಿ, ಹೊಸದೊಂದನ್ನೇ ಕಾರಿಗೆ ಕಲಿಸಿದೆ. ಹಳೆಯವು ಇನ್ನು ಬಾಗಿಲು ತೆಗೆದಾವು, ಇಂಜಿನ್ ಏಳಿಸಲಾರವು. ಅಲ್ಲಿಗೇ ಕೈ ತೊಳೆದುಕೊಂಡು ಬಂದಿದ್ದರೆ ಸಾಕಿತ್ತು. ಆದರೆ ನನ್ನದು ಅತಿ ಬುದ್ಧಿ. ಹೊಸ ಕೀಗೆ ಹಳೆಯದರಂಥದೇ ಕವಚ ಹಾಕಿ, ಸ್ವಲ್ಪ ಉಜ್ಜಿ ಮಾಸಲು ಮಾಡಿ ಕೈಗಿಟ್ಟೆ.

"ಹೊಸದು ಮಾಡಿಸಿದೆ ಅಂತ ಯಾರಿಗೂ ಹೇಳಬೇಡಿ. ಕಳೆದಿದ್ದೇ ಸಿಕ್ತು, ಮಂಚದ ಕೆಳಗಿತ್ತು ಅನ್ನಿ. ಕುಂಬಳಕಾಯಿ ಕಳ್ಳ ತಾನೇ ಹೆಗಲು ಮುಟ್ಟಿ ನೋಡ್ಕೊತಾನೆ."

"ನಂಗೆ ಸುಳ್ಳು ಬರಲ್ಲಪ್ಪ."

"ಇದೊಂದು ಸಲ."

ತಲೆಯಾಡಿಸಿದರು. ನನ್ನ ನಂಬರನ್ನು ಫೋನಿನಲ್ಲಿ ಹಾಕಿಕೊಂಡರು. ಮಗಳಿಗೆ ಕೇಳಿದೆ ಅಂತ ಹೇಳು ಎಂದರು.

ಗುರುವಾರ ಒಂದೂವರೆ ಗಂಟೆಗೆ ಒಬ್ಬ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಕೌಂಟರಿನ ಗಾಜಿನ ಮೇಲೆ ಕೀಗಳನ್ನು ಒಂದೊಂದಾಗಿ ಇಟ್ಟ. ಮೂರು.

"ಇವು ಯಾವುದೂ ಕೆಲಸ ಮಾಡ್ತಿಲ್ಲ. ಕೆಂಪು ದೀಪ ಬರುತ್ತೆ. ನೋಡ್ತೀರಾ ಸರ್?"

ಕಳ್ಳ ಸಿಕ್ಕಿಬಿದ್ದ ಎಂದು ಒಳಗೊಳಗೇ ಕುಣಿದೆ. ಒಂದು ಗಳಿಗೆ, ಅಷ್ಟೆ.

"ನಮ್ಮಕ್ಕನ ಗಾಡಿ," ಎಂದ. "ಪಾಪ, ಅವಳಿಗೆ ಮರೆವಿನ ಕಾಯಿಲೆ. ಎಲ್ಲಿಗಾದ್ರೂ ಹೊರಟುಬಿಟ್ರೆ ಅಂತ ಭಯ ಆಗಿ ಕೀಗಳನ್ನೆಲ್ಲ ನಾನೇ ಎತ್ತಿಟ್ಟಿದ್ದೆ. ಮೊನ್ನೆ ಏನಂದ್ಲು ಗೊತ್ತಾ? ಕೀ ಸಿಕ್ತು, ಮಂಚದ ಕೆಳಗಿತ್ತು ಅಂತ. ಆ ಕೀ ನನ್ನ ಜೇಬಲ್ಲಿತ್ತು ಸರ್. ಇದೇ ಕೀ. ಇಲ್ಲದ್ದನ್ನ ಕಂಡೆ ಅಂತಾಳೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ, ಡಾಕ್ಟರಿಗೆ ಕೇಳಿಸೋಕೆ."

ಕೀ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿದ್ದವನು ಬಚ್ಚಿಟ್ಟವನೊಬ್ಬನೇ. ಅವನ ಮುಂದೆ 'ಸಿಕ್ತು' ಎನ್ನಿ ಎಂದು ಸಿಸ್ಟರಿಗೆ ಕಲಿಸಿಕೊಟ್ಟವನು ನಾನು. ಇಷ್ಟು ವರ್ಷ ಕೀ ಕಳೆದುಕೊಂಡವರನ್ನೇ ನೋಡಿ, ಕೀ ಕದ್ದವನ ತಲೆಯೊಳಗೆ ಏನಿರುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ಅಕ್ಕ ಏನಾದ್ರೂ ನಿಮ್ಮ ಹತ್ರ ಬಂದಿದ್ಲಾ?"

ಹೌದು ಎನ್ನಬೇಕಿತ್ತು. ಹೌದಯ್ಯಾ, ಹೊಸದು ನಾನೇ ಮಾಡಿಕೊಟ್ಟೆ, ಸುಳ್ಳನ್ನೂ ನಾನೇ ಕಲಿಸಿದೆ ಎಂದಿದ್ದರೆ ಮುಗಿದಿತ್ತು. ಆದರೆ ಹೌದು ಅಂದರೆ ಸಿಸ್ಟರಿಗೆ ಎಲ್ಲ ತಿಳಿದಿದೆ ಎಂದು ಇವನಿಗೆ ಗೊತ್ತಾಗುತ್ತದೆ. ಆಮೇಲೆ ಅವರು ಇವನ ಜೊತೆ ಅದೇ ಮನೆಯಲ್ಲಿರಬೇಕು. ಹೆದರಿದೆ.

"ಯಾವ ಅಕ್ಕ? ನನಗೆ ಗೊತ್ತಿಲ್ಲ," ಎಂದೆ.

"ಸರಿ ಬಿಡಿ. ನಿಧಾನವಾಗಿ ನೋಡಿ, ಡಾಕ್ಟರ ಹತ್ರ ಹೋಗಿ ಬಂದು ತಗೋತೀನಿ."

ಮಿಷನ್ ತರುತ್ತೇನೆಂದು ಅಂಗಡಿಯ ಹಿಂಭಾಗಕ್ಕೆ ಕಟ್ಟಿದ ಬಟ್ಟೆಯ ಪರದೆಯ ಹಿಂದೆ ಹೋದೆ. ಸಿಸ್ಟರಿಗೆ ಹೇಳಿಬಿಡಬೇಕು, ಡಾಕ್ಟರ ಮುಂದೆ ನಿಜವನ್ನೇ ಹೇಳಿ, ನಾನೂ ಬರುತ್ತೇನೆ ಎನ್ನಬೇಕು. ಅವರ ನಂಬರು ಒತ್ತಿದೆ.

ಫೋನು ಪರದೆಯ ಆ ಕಡೆ ರಿಂಗಾಯಿತು.

ಹೊರಗೆ ಬಂದಾಗ ಅವನು ಜೇಬಿನಿಂದ ಅದನ್ನು ತೆಗೆದು ನೋಡುತ್ತಿದ್ದ. ಸಿಸ್ಟರ್ ನನ್ನ ಹೆಸರನ್ನು 'ಕೀ ಮಾಮ' ಎಂದೇ ಹಾಕಿಕೊಂಡಿದ್ದರು. ಅವನು ಫೋನನ್ನು ನನ್ನ ಕಡೆ ತಿರುಗಿಸಿ ಆ ಹೆಸರು ತೋರಿಸಿದ. ದನಿ ಅಷ್ಟೇ ಮೆತ್ತಗಿತ್ತು.

"ಅಕ್ಕ ಫೋನನ್ನೂ ಎಲ್ಲೆಲ್ಲೋ ಇಟ್ಟು ಮರೀತಾಳೆ. ಅದಕ್ಕೇ ಇವತ್ತು ನಾನೇ ಇಟ್ಕೊಂಡಿದೀನಿ."

ಮೂರು ಕೀಗಳನ್ನೂ ಬಾಚಿ ಜೇಬಿಗೆ ಹಾಕಿಕೊಂಡು, ಬರ್ತೀನಿ ಸರ್ ಎಂದು ಮೆಟ್ಟಿಲಿಳಿದ. ಡಾಕ್ಟರ ಮುಂದೆ ಅವನು ಸುಳ್ಳೆಂದು ತೋರಿಸಬಹುದಾದ ಮಾತು ಎರಡೇ ಇದ್ದವು. ಒಂದು ನಾನು ಸಿಸ್ಟರಿಗೆ ಹೇಳಿಕೊಟ್ಟದ್ದು, ಇನ್ನೊಂದು ನಾನು ಈಗ ಆಡಿದ್ದು.