ಉಪ್ಪು ಕರಗಿದ ಲೆಕ್ಕ

ಇನ್ಕಮ್ ಟ್ಯಾಕ್ಸ್ ಕಚೇರಿಯಿಂದ ಲಕೋಟೆ ಬಂತೆಂದರೆ ಊರಿನ ವ್ಯಾಪಾರಿಗಳಿಗೆಲ್ಲ ಎದೆ ಢವಢವ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚುತ್ತಿದ್ದರು. ಹಚ್ಚುತ್ತಿದ್ದವರು ನಮ್ಮ ಯಜಮಾನರು, ಗೋಣಿಬೀಡಿನ ಜಿನಸಿ ಅಂಗಡಿ ಗಂಗಾಧರಪ್ಪನವರು. ಅಕ್ಕಿ, ಉಪ್ಪು, ಬೆಲ್ಲ, ಕಂಬಳಿ, ಸೀಮೆಎಣ್ಣೆ ಮಾರುವ ಒಂದೇ ಒಂದು ಅಂಗಡಿ. ಅದರ ಮೇಲೆ ವರ್ಷಕ್ಕೆ ಐವತ್ತು ಚಿಲ್ಲರೆ ರೂಪಾಯಿ ತೆರಿಗೆ ಕಟ್ಟುವುದೆಂದರೆ ಅವರಿಗೆ ಹಬ್ಬ. ಮೊದಲ ವರ್ಷದ ರಸೀದಿಗೆ ಗಾಜಿನ ಕಟ್ಟು ಹಾಕಿಸಿ ಬಸವಣ್ಣನವರ ಪಟದ ಕೆಳಗೇ ತೂಗುಹಾಕಿದ್ದರು.

ಈ ಹುಚ್ಚಿಗೆ ಕಾರಣ ನನ್ನ ತವರು. ಬಣಕಲ್ಲಿನಲ್ಲಿ ನಮ್ಮಣ್ಣ ಶಾಂತವೀರಪ್ಪನಿಗೆ ಮೂವತ್ತು ಎಕರೆ ಕಾಫಿ ತೋಟ. ನನ್ನನ್ನು ಇವರಿಗೆ ಕೊಡುವ ಮಾತು ಬಂದಾಗ ಅಣ್ಣ ಜಗಲಿಯ ಮೇಲೆ ಎಲ್ಲರೆದುರು, “ತಕ್ಕಡಿ ಹಿಡಿಯೋ ಕೈಗೆ ಹೆಣ್ಣು ಕೊಡೋದಾ?” ಅಂದಿದ್ದ. ಅಪ್ಪ ಅವನ ಬಾಯಿ ಮುಚ್ಚಿಸಿ ಮದುವೆ ಮಾಡಿದರು. ಆದರೆ ಆಡಿದ ಮಾತು ಇವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆಗ ತೋಟದ ಫಸಲಿಗೆ ಇನ್ಕಮ್ ಟ್ಯಾಕ್ಸ್ ಇರಲಿಲ್ಲ, ವ್ಯಾಪಾರಕ್ಕಿತ್ತು; ಅದೂ ವರ್ಷದ ಆದಾಯ ಎರಡು ಸಾವಿರ ಮುಟ್ಟಿದರೆ ಮಾತ್ರ. ಅಂದರೆ ‘ಇವನು ಎರಡು ಸಾವಿರದ ಕುಳ’ ಎಂದು ಸರ್ಕಾರವೇ ಒಪ್ಪಿದ ಕಾಗದ ಅಣ್ಣನ ಮನೆಯಲ್ಲಿರಲಿಲ್ಲ, ನಮ್ಮ ಮನೆಯಲ್ಲಿತ್ತು. ಅಣ್ಣ ಬಂದಾಗಲೆಲ್ಲ ಇವರು ಎದ್ದು ಆ ಕಟ್ಟಿನ ಧೂಳು ಒರೆಸುತ್ತಿದ್ದರು. ಅಣ್ಣನೂ ಮೆಲ್ಲಗೆ ‘ನೀವು, ತಾವು’ ಅನ್ನಲು ಕಲಿತಿದ್ದ.

ತೆರಿಗೆಯ ನಮೂನೆ ತುಂಬಿಕೊಡುತ್ತಿದ್ದವನು ಚಿಕ್ಕಮಗಳೂರಿನ ಏಜೆಂಟ್ ಚನ್ನಕೇಶವಯ್ಯ. ಮೊದಲು ಹದಿನೈದು ರೂಪಾಯಿ ತೆಗೆದುಕೊಳ್ಳುತ್ತಿದ್ದ, ಆಮೇಲೆ ಇಪ್ಪತ್ತೈದು, ಮೇಲೆ ಒಂದು ಡಬ್ಬಿ ಜೇನು, ಒಂದು ಸೇರು ಏಲಕ್ಕಿ. ಮೂವತ್ತೇಳನೆಯ ಇಸವಿಯಲ್ಲಿ ನಲವತ್ತು ರೂಪಾಯಿ ಎಂದು ಕಾರ್ಡು ಬರೆದ. ನನಗೆ ಸಿಟ್ಟು ನೆತ್ತಿಗೇರಿತು. ಮಗಳು ಪ್ರೇಮಕುಮಾರಿಯನ್ನು ಚಿಕ್ಕಮಗಳೂರಿನಲ್ಲಿ ಓದಿಸುವುದಕ್ಕೆ ದುಡ್ಡಿಲ್ಲ ಎಂದು ಕೂತಿದ್ದೆವು. ಒಂದು ಹಾಳೆ ತುಂಬುವುದಕ್ಕೆ ನಲವತ್ತು ರೂಪಾಯಿಯೇ?

“ನಾನೇ ಬರೀತೀನಿ,” ಅಂದೆ.

“ನೀನಾ? ಅದು ಅಡುಗೆ ಲೆಕ್ಕ ಅಲ್ಲ ಮಾರಾಯ್ತಿ, ಸರ್ಕಾರದ್ದು.”

“ಸರ್ಕಾರಕ್ಕೂ ಎರಡೂ ಎರಡೂ ನಾಲ್ಕೇ ಅಲ್ವಾ?”

ನಾನು ಲೋಯರ್ ಸೆಕೆಂಡರಿ ಓದಿದವಳು. ನಮೂನೆಯ ಹಿಂಬದಿಯಲ್ಲಿ ಸೂಚನೆಗಳೆಲ್ಲ ಅಚ್ಚಾಗಿದ್ದವು. ಮೂರು ಸಲ ಓದಿದೆ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ ಅನ್ನಿಸಿತು. ಬಂದದ್ದೆಷ್ಟು, ಅದು ಬರುವುದಕ್ಕಾಗಿ ಹೋದದ್ದೆಷ್ಟು, ಉಳಿದದ್ದೆಷ್ಟು, ಇಷ್ಟೇ. ಮನೆಯ ಊಟ ಬಟ್ಟೆ ಅದರಲ್ಲಿ ಸೇರಕೂಡದು. ನಡುಮನೆಯಲ್ಲಿ ನಾಲ್ಕು ಮೊರ ಸಾಲಾಗಿಟ್ಟೆ. ಒಂದಕ್ಕೆ ಮಾರಿದ ಚೀಟಿ, ಒಂದಕ್ಕೆ ಕೊಂಡ ಚೀಟಿ, ಒಂದಕ್ಕೆ ಗಾಡಿ ಬಾಡಿಗೆ, ಕೊನೆಯದಕ್ಕೆ ಅಂಗಡಿ ಬಾಡಿಗೆಯೂ ಹಾಳಾದ ಸರಕೂ. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಪಾವು ಇಟ್ಟೆ. ಪ್ರೇಮ ಓದಿ ಹೇಳುವುದು, ನಾನು ಬರೆಯುವುದು. ಮೂರು ಮಧ್ಯಾಹ್ನ ಹಿಡಿಯಿತು. ಇವರು ಅಂಗಡಿಯಿಂದ ಆಗಾಗ ಇಣುಕಿ, “ಎಷ್ಟಾಯ್ತು? ಎರಡು ಸಾವಿರದ ಇನ್ನೂರು ದಾಟ್ತಾ?” ಎಂದು ಮಕ್ಕಳ ಹಾಗೆ ಕೇಳುತ್ತಿದ್ದರು.

ಮೂರನೆಯ ದಿನ ಕೂಡಿ ಕಳೆದು ನೋಡಿದರೆ ಒಂದು ಸಾವಿರದ ಆರುನೂರ ಹದಿನೆಂಟು.

ನಾನೇ ತಪ್ಪಿದೆನೆಂದು ಮತ್ತೆ ಕೂಡಿದೆ. ಅಷ್ಟೇ ಬಂತು. ಹಳೆಯ ವರ್ಷಗಳ ನಕಲು ತೆಗೆದು ನೋಡಿದಾಗ ಚನ್ನಕೇಶವಯ್ಯನ ಬಂಡವಾಳ ಬಯಲಾಯಿತು. ಆ ಮನುಷ್ಯ ಚೀಟಿ ಬಿಚ್ಚಿಯೇ ಇರಲಿಲ್ಲ. ಹಿಂದಿನ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಬರೆಯುವುದೇ ಅವನ ವಿದ್ಯೆ. ಚಿಕ್ಕಮಗಳೂರಿನಿಂದ ಸರಕು ತರುವ ಗಾಡಿ ಬಾಡಿಗೆ ಕಳೆದಿಲ್ಲ. ಮಳೆಗಾಲದಲ್ಲಿ ನಮ್ಮ ಊರಲ್ಲಿ ಉಪ್ಪಿನ ಮೂಟೆ ನೀರಾಗಿ ಕಾಲುಭಾಗ ಮಾಯವಾಗುತ್ತದೆ, ಅದನ್ನೂ ಕಳೆದಿಲ್ಲ. ನಾವು ಒಂಬತ್ತು ವರ್ಷ ಕಟ್ಟಬೇಕಿಲ್ಲದ ತೆರಿಗೆ ಕಟ್ಟಿದ್ದೆವು!

ಇವರು ಏಜೆಂಟನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅವರ ಮುಖ ಸಣ್ಣದಾಯಿತು.

“ಇನ್ನೊಂದ್ಸಲ ಕೂಡು.”

“ಎಷ್ಟ್ ಸಲ ಕೂಡಿದ್ರೂ ಅಷ್ಟೇ ರೀ. ಖುಷಿ ಪಡಿ, ಟ್ಯಾಕ್ಸ್ ಇಲ್ಲ.”

ಇವರು ಬಗ್ಗಿ ಕೊನೆಯ ಮೊರದಿಂದ ಚೀಟಿಗಳನ್ನು ಎತ್ತಿಕೊಂಡರು. “ಉಪ್ಪು ಕರಗಿದ್ದು ಬಿಟ್ಬಿಡು. ಗಾಡಿ ಬಾಡಿಗೇನೂ ಬಿಡು. ಎರಡು ಸಾವಿರ ಮುಟ್ಟಿಸು.”

“ಊರೆಲ್ಲ ಆದಾಯ ಮುಚ್ಚಿಡುತ್ತೆ, ನೀವು ಖರ್ಚು ಮುಚ್ಚಿಡ್ತೀರಾ? ಸುಳ್ಳು ಲೆಕ್ಕ ನನ್ ಕೈಲಿ ಬರೆಸ್ಬೇಡಿ.”

“ಟ್ಯಾಕ್ಸ್ ಸಾಹೇಬರ ಕ್ಯಾಂಪಿಗೆ ನಿಮ್ಮಣ್ಣನೂ ಮೂಡಿಗೆರೆಗೆ ಬರ್ತಾನೆ ಕಣೇ,” ಅಂದರು. “ಅವನೆದ್ರಿಗೆ ನಾನು ಏನಂತ ನಿಲ್ಲಲಿ?”

ಅಣ್ಣ ಆ ವರ್ಷ ಬಾಡಿಗೆ ವ್ಯಾಪಾರಕ್ಕೆ ಎರಡು ಲಾರಿ ಇಳಿಸಿದ್ದ. ಅವನಿಗೂ ನೋಟೀಸು ಬಂದಿತ್ತು. ಇವರ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೂ ಲೆಕ್ಕ ಬದಲಿಸಲು ಮನಸ್ಸು ಒಪ್ಪಲಿಲ್ಲ. ಲಕೋಟೆಯಲ್ಲಿ ಎರಡು ನಮೂನೆ ಇದ್ದವು. ಒಂದನ್ನು ನಾನು ದುಂಡಗೆ, ಒಂದೂ ಕಾಟು ಹೊಡೆಯದೆ, ಸತ್ಯವಾಗಿ ತುಂಬಿದೆ. ಖಾಲಿ ಇದ್ದದ್ದನ್ನು ಅವರ ಕೈಗೆ ಕೊಟ್ಟೆ. “ಇದನ್ನ ಬೇಕಾದ್ರೆ ನೀವೇ ಬರ್ಕೊಳ್ಳಿ. ಯಾವುದು ಕೊಡ್ತೀರೋ ನಿಮ್ಮಿಷ್ಟ. ನಾನು ಒಂದು ಮಾತೂ ಆಡಲ್ಲ.”

ಅವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಾಲಿಗೆ ಕಚ್ಚಿಕೊಂಡು ಬರೆದರು. ಎರಡು ಸಾವಿರದ ನೂರ ಐವತ್ತು. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಎರಡು ಕಡೆ ಮಸಿ ಚೆಲ್ಲಿತ್ತು. ಎರಡೂ ಕಾಗದ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು.

ತೆರಿಗೆಯ ಅಧಿಕಾರಿಗಳು ಮೂಡಿಗೆರೆಯ ಬಂಗಲೆಯಲ್ಲಿ ಕ್ಯಾಂಪ್ ಮಾಡಿದ ದಿನ ನಾನೂ ಬಸ್ಸು ಹತ್ತಿದೆ. ಲೆಕ್ಕದಲ್ಲಿ ಏನಾದರೂ ಕೇಳಿದರೆ ಇವರಿಗೆ ಹೇಳಲು ಬರುವುದಿಲ್ಲ ಎನ್ನುವುದು ನೆಪ. ಯಾವ ಕಾಗದ ಕೊಡುತ್ತಾರೋ ನೋಡುವ ಕುತೂಹಲವೇ ನಿಜವಾದ ಕಾರಣ. ಬಂಗಲೆಯ ಜಗಲಿಯ ತುದಿಯಲ್ಲಿ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಕೂತೆ.

ಆ ಜಗಲಿ ನೋಡಬೇಕಿತ್ತು. ಮದುವೆ ಮನೆಗಳಲ್ಲಿ ಜರಿ ಪೇಟ ಬಿಟ್ಟು ಬರದ ಸಾಹುಕಾರರೆಲ್ಲ ಅಂದು ಹರಕು ಕೋಟು, ಮಾಸಿದ ಪಂಚೆ ಹುಡುಕಿ ಹಾಕಿಕೊಂಡು ಬಂದಿದ್ದರು. ನಮ್ಮಣ್ಣನ ಕೋಟಿಗಂತೂ ಎರಡೂ ಮೊಣಕೈಗೆ ತೇಪೆ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಅವರ ನಡುವೆ ಇಸ್ತ್ರಿ ಮಾಡಿದ ಕೋಟು, ಜರಿ ಪೇಟ, ಹಣೆ ತುಂಬ ವಿಭೂತಿ ಧರಿಸಿ ಸೆಟೆದು ನಿಂತವರು ಇವರೊಬ್ಬರೇ. ನನಗೆ ನಗು ಬಂತು, ಅದರ ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು.

ಅಣ್ಣ ಒಳಗೆ, “ಲಾರಿಯಿಂದ ಬರೀ ನಷ್ಟ ಸ್ವಾಮಿ, ಬಡವ ನಾನು,” ಎಂದು ಕೈ ಮುಗಿದು ಹೊರಬಂದ. ಆಮೇಲೆ ಇವರನ್ನು ಕರೆದರು. ಬಾಗಿಲು ತೆರೆದೇ ಇತ್ತು. ಅಣ್ಣ ಹೋಗದೆ ಬಾಗಿಲ ಪಕ್ಕದಲ್ಲೇ ನಿಂತ.

“ಹೋದ ವರ್ಷ ಎರಡು ಸಾವಿರದ ನೂರು ತೋರಿಸಿದ್ದೀರಿ. ಈ ವರ್ಷ?” ಎಂದರು ಅಧಿಕಾರಿಗಳು.

ಇವರು ಜೇಬಿಗೆ ಕೈ ಹಾಕಿದರು. ಎರಡೂ ಕಾಗದ ಒಟ್ಟಿಗೆ ಬಂದವು. ಒಂದರ ಪಕ್ಕ ಒಂದನ್ನು ಹಿಡಿದು ನೋಡುತ್ತ ನಿಂತರು. ಅಧಿಕಾರಿಗಳು ಕೈ ಚಾಚಿಕೊಂಡೇ ಇದ್ದರು. ನಾನು ಸೆರಗಿನ ತುದಿಯನ್ನು ಕೈಯಲ್ಲಿ ಹಿಂಡುತ್ತಿದ್ದೆ. ಇವರು ಒಂದನ್ನು ಮೇಜಿನ ಮೇಲಿಟ್ಟು ಇನ್ನೊಂದನ್ನು ಮುದುರಿ ಜೇಬಿಗೆ ತುರುಕಿಕೊಂಡರು.

ಅಧಿಕಾರಿಗಳು ಬಹಳ ಹೊತ್ತು ಓದಿದರು. ಚೀಟಿಗಳ ಕಟ್ಟು ಬಿಚ್ಚಿಸಿ ಅಲ್ಲೊಂದು ಇಲ್ಲೊಂದು ತಾಳೆ ನೋಡಿದರು. “ಉಪ್ಪು ಕರಗಿದ್ದಕ್ಕೂ ತಿಂಗಳುವಾರು ಲೆಕ್ಕ! ನಾನು ಇಲ್ಲೀತನಕ ನೋಡಿಲ್ಲ,” ಎಂದು ನಕ್ಕರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, “ಸರಿಯಾಗಿದೆ ಗಂಗಾಧರಪ್ಪನವರೇ. ಆದಾಯ ಸಾವಿರದ ಆರುನೂರು ಚಿಲ್ಲರೆ. ನಿಮಗೆ ತೆರಿಗೆ ಬರೋದಿಲ್ಲ,” ಅಂದರು.

ಅಣ್ಣ ಹುಬ್ಬೇರಿಸಿದ್ದು ನನಗೆ ಕಂಡಿತು. ಇವರಿಗೂ ಕಂಡಿರಬೇಕು.

“ಯಾವ ಏಜೆಂಟರು ಬರೆದದ್ದು? ಹೆಸರು ಹೇಳಿ,” ಎಂದರು ಅಧಿಕಾರಿಗಳು.

ಮದುವೆಯ ದಿನ ಹೆಂಗಸರು ಬಾಗಿಲು ತಡೆದು ನಿಲ್ಲಿಸಿದಾಗ ಇವರು ಒಮ್ಮೆ ನನ್ನ ಹೆಸರು ಹೇಳಿದ್ದರು, ಅದೂ ಪಿಸುಮಾತಿನಲ್ಲಿ. ಆಮೇಲೆ ಹದಿನೈದು ವರ್ಷ ನಾನು ‘ಕಣೇ’, ‘ಇವಳೇ’, ‘ಮಾರಾಯ್ತಿ’. ಆ ಮನುಷ್ಯ ಈಗ ಜಗಲಿ ತುಂಬ ಇದ್ದ ಗಂಡಸರು ತಿರುಗಿ ನೋಡುವಂತೆ, “ವಿಶಾಲಾಕ್ಷಮ್ಮ,” ಅಂದರು. “ನಮ್ಮ ಮನೆಯವ್ರು ಸ್ವಾಮಿ.”

ಬಸ್ಸಿಗೆ ಕಾಯುವಾಗ ನಾನೇ ಕೇಳಿದೆ. “ನಿಮ್ಮ ಕಾಗದ ಯಾಕೆ ಕೊಡ್ಲಿಲ್ಲ? ಅಣ್ಣ ಬಾಗಿಲಲ್ಲೇ ಇದ್ದ.”

“ಅದನ್ನೇ ಕೊಡ್ಬೇಕು ಅಂತಲೇ ಹೋಗಿದ್ದೆ,” ಅಂದರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. “ಎರಡೂ ಪಕ್ಕ ಪಕ್ಕ ನೋಡ್ದೆ. ನೀನು ಎಷ್ಟು ಚೆಂದ ಬರ್ದಿದ್ದೆ. ಅದನ್ನ ಜೇಬಲ್ಲಿ ಇಟ್ಕೊಂಡು ನಂದು ಕೊಡೋಕೆ ಮನಸ್ಸು ಬರ್ಲಿಲ್ಲ.” ಪೇಟದ ಜರಿ ಸವರುತ್ತ, “ಆದ್ರೆ ನಾನು ಎರಡು ಸಾವಿರದವನಲ್ಲ ಅಂತ ನಿಮ್ಮಣ್ಣಂಗೆ ಗೊತ್ತಾಗೋಯ್ತು ಕಣೇ,” ಅಂದರು.

ಎರಡು ಸಾವಿರ ಯಾರಿಗೆ ಬೇಕಿತ್ತು, ನಾನು ಯಾವತ್ತಾದರೂ ಕೇಳಿದ್ದೆನೇ ಎಂದು ಬೈಯಬೇಕೆಂದಿದ್ದೆ, ಆಗಲಿಲ್ಲ. ನನ್ನ ಅಣ್ಣನೆದುರು ದೊಡ್ಡವರಾಗಲು ಒಂಬತ್ತು ವರ್ಷ ದುಡ್ಡು ಸುರಿದವರು, ಅದೇ ಅಣ್ಣನೆದುರು ಚಿಕ್ಕವರಾಗಿ ನನ್ನ ಹೆಸರು ಹೇಳಿ ಬಂದಿದ್ದರು. ಬಸ್‌ ಸ್ಟ್ಯಾಂಡಿನ ಜನ ನೋಡುತ್ತಿದ್ದರೂ ನಾನು ಅತ್ತೆ. ಇವರು ಗಾಬರಿಯಾಗಿ, “ಯಾಕೆ, ಲೆಕ್ಕದಲ್ಲಿ ಏನಾದ್ರೂ ತಪ್ಪಿತ್ತಾ?” ಎಂದು ಕೇಳಿದರು.