ಒಂದೇ ಬಗೆಯ ಚಿತ್ರಗಳು

‘ಇವೆಲ್ಲವೂ ಒಂದೇ ಚಿತ್ರದ ನಕಲುಗಳು. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಳಿಸಲೇ?’ ಎಂದು ತೆರೆಯ ಮೇಲೆ ಮತ್ತೆ ಮೂಡಿತು. ‘ಬೇಡ’ವನ್ನು ಒತ್ತಿ ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

ನಕಲಂತೆ! ಮೊದಲನೆಯದರಲ್ಲಿ ಹೆಂಡತಿಯ ತೋಳಲ್ಲಿ ಕೂಸು. ಕೊನೆಯದರಲ್ಲಿ ಅದೇ ಕೂಸು ತಾಯಿಗಿಂತ ಒಂದು ಹಿಡಿ ಎತ್ತರ. ನಡುವೆ ಒಂದು ಸಂಸಾರವೇ ಸವೆದಿದೆ. ಫೋಟೋಗಳನ್ನು ವಿಂಗಡಿಸಿ ಹುಡುಕಿಕೊಡುವ ಈ ತಂತ್ರಾಂಶದ ಕಣ್ಣಿಗೆ ಮಾತ್ರ ಅದು ಬಿದ್ದಿಲ್ಲ.

ತೂಕ ಮತ್ತು ಅಳತೆಗಳ ಪರೀಕ್ಷಾಲಯದಲ್ಲಿ ಅವನು ಅಧಿಕಾರಿ. ಮಿಕ್ಕೆಲ್ಲವೂ ಸ್ಥಿರವಾಗಿದ್ದರೆ ಮಾತ್ರ ಬದಲಾದದ್ದು ಕಾಣುತ್ತದೆ ಎಂಬುದು ಅವನ ವೃತ್ತಿ ಕಲಿಸಿದ ಪಾಠ. ಆದುದರಿಂದ ಮನೆಯಲ್ಲೊಂದು ಪದ್ಧತಿಯಿತ್ತು: ವರ್ಷಕ್ಕೊಮ್ಮೆ, ಅದೇ ದಿನ, ಅದೇ ಬೆಳಕಿನಲ್ಲಿ, ಅದೇ ಗೋಡೆಯ ಮುಂದೆ ಒಂದು ಚಿತ್ರ. ಮೂವರ ಪಾದಗಳಿಗೂ ಕ್ಯಾಮೆರಾದ ಸ್ಟ್ಯಾಂಡಿಗೂ ನೆಲದ ಮೇಲೆ ಹಳದಿ ಟೇಪಿನಿಂದ ಗುರುತು. ಗುಡಿಸುವಾಗ ಅದು ತುಸು ಎದ್ದುಬಂದರೂ ಮನೆಯೇ ಕುಸಿಯಿತೆಂಬಂತೆ ಕೂಗಾಡುತ್ತಿದ್ದ.

“ಅಪ್ಪಾ, ನಾವೇನು ತೂಕದ ಕಲ್ಲಾ?” ಎಂದು ಮಗಳು ಕೆಣಕುವಳು.

“ಸುಮ್ನೆ ನಿಂತ್ಕೊಳೇ, ಮುದ್ರೆ ಒತ್ತಿ ಬಿಟ್‌ಬಿಡ್ತಾರೆ,” ಎಂದು ಹೆಂಡತಿ.

ಆ ಹೆಂಡತಿ ಮನೆ ಬಿಟ್ಟು ಹೋದದ್ದು ಕಳೆದ ತಿಂಗಳು. ಜಗಳವಿಲ್ಲ, ಕಣ್ಣೀರಿಲ್ಲ. “ಏನಾಯ್ತು ಅಂತಾದ್ರೂ ಹೇಳು,” ಎಂದು ಅವನು ಬಾಗಿಲಿಗೆ ಅಡ್ಡ ನಿಂತು ಕೇಳಿದ್ದ. “ಏನೂ ಆಗ್ಲಿಲ್ಲ. ಅದೇ,” ಎಂದಿದ್ದಳು ಚಪ್ಪಲಿ ಮೆಟ್ಟುತ್ತ. ಅದನ್ನು ಅವನು ಒಗಟೆಂದೇ ಬಗೆದ. ಇಂದು ಸಂಜೆ ತನ್ನ ಪಾಲಿನ ಫೋಟೋಗಳಿಗಾಗಿ ಅವಳು ಬರುವವಳಿದ್ದಾಳೆ. ಅಷ್ಟರೊಳಗೆ ಅವಳ ಮುಖ ಮೊದಲು ಬಾಡಿದ ವರ್ಷ ಯಾವುದೆಂದು ಕಂಡುಹಿಡಿಯಬೇಕು. ದೋಷ ಎಲ್ಲಿ ಹೊಕ್ಕಿತೆಂದು ಗೊತ್ತಾದರೆ ಎಂಥ ತಕ್ಕಡಿಯನ್ನೂ ಸರಿಪಡಿಸಬಹುದು. ಅವಳಿಗೆ ತೋರಿಸಬಹುದು. ಅವಳು ಉಳಿದುಬಿಡಲೂಬಹುದು.

ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನು ಮಾಡಿದ.

“ಪುಟ್ಟಿ, ಇದು ಎಲ್ಲಾ ಒಂದೇ ಅಂತಿದೆ.”

“ಯಾವುದು?”

“ವರ್ಷದ ಫೋಟೋಗಳು.”

ಆ ಕಡೆ ನಗು ಸಿಡಿಯಿತು. “ಅದು ಗೋಡೆ ನೋಡತ್ತೆ ಅಪ್ಪಾ. ನೀನು ತೆಗೆದಿರೋದೂ ಗೋಡೇನೇ ಅಲ್ವಾ? ನಡುವೆ ನಾವು ಮೂರು ಇರುವೆಗಳಷ್ಟೇ.”

“ದೂರ ಬದಲಾದ್ರೆ ಹೋಲಿಕೆ ಕೆಡತ್ತೆ.”

“ಸರಿ, ಮೇಲ್ಗಡೆ ಹೋಲಿಕೆ ಅಂತ ಒಂದು ಪಟ್ಟಿ ಇದೆ, ಬಲಕ್ಕೆ ಎಳಿ. ಎಳೆದಷ್ಟೂ ಕಟ್ಟುನಿಟ್ಟಾಗತ್ತೆ. ನಿನಗೆ ಇಷ್ಟ ಆಗತ್ತೆ. ಅಂದ್ಹಾಗೆ, ಅಮ್ಮ ಬರ್ತಾಳಂತಲ್ಲ ಇವತ್ತು?”

“ಬಲಕ್ಕೆ ಅಂದ್ಯಾ?”

ಬಲಕ್ಕೆಳೆದ. ಗುಂಪು ಸಿಡಿದು ಚಿತ್ರಗಳು ಒಂಟೊಂಟಿಯಾಗಿ ನಿಂತವು. ಈಗ ಪ್ರತಿಯೊಂದೂ ಮಿಕ್ಕೆಲ್ಲಕ್ಕಿಂತ ಬೇರೆ. ಎಡಕ್ಕೆ ಸರಿಸಿದರೆ ಮತ್ತೆ ಎಲ್ಲವೂ ಒಂದೇ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗವಿತ್ತು. ಅಲ್ಲೆಲ್ಲೋ ಅವಳು ಸಿಕ್ಕೇ ಸಿಗುತ್ತಾಳೆಂಬ ಕುತೂಹಲ ಅವನ ಬೆರಳನ್ನು ಬಿಡಲಿಲ್ಲ. ಊಟದ ಹೊತ್ತು ಮೀರಿತು. ಕಡೆಗೆ ಅವಳ ಮುಖವನ್ನಷ್ಟೇ ಹಿಗ್ಗಿಸಿ ಸಾಲಾಗಿ ಜೋಡಿಸಿದ. ಕನ್ನಡಕ ಬಂತು, ಕನ್ನಡಕ ಬದಲಾಯಿತು, ಬೈತಲೆ ನರೆಯಿತು. ಮುಖಭಾವ ಮಾತ್ರ ಎಲ್ಲದರಲ್ಲೂ ಒಂದೇ: ಕ್ಯಾಮೆರಾ ಸದ್ದು ಮಾಡುವವರೆಗೆ ಉಸಿರು ಬಿಗಿಹಿಡಿದವಳ ಮುಖ.

ಮೊದಲನೆಯದರಲ್ಲೂ ಹಾಗೆಯೇ.

ಸಂಜೆ ಕರೆಗಂಟೆ ಸದ್ದಾಯಿತು. ಅವಳ ಬಳಿ ಕೀಲಿಯಿತ್ತೆಂಬುದು ಬಾಗಿಲು ತೆರೆಯುವಾಗ ಅವನಿಗೆ ನೆನಪಾಯಿತು. ಅವಳು ಟೇಪಿನ ಗುರುತುಗಳನ್ನು ತುಳಿಯದೆ, ಅಭ್ಯಾಸದಂತೆ ಬಳಸಿಕೊಂಡು ಒಳಬಂದಳು.

“ಎಲ್ಲಾ ನೋಡಿದೆ. ಯಾವ ವರ್ಷ ಅಂತ ನೀನೇ ಹೇಳ್ಬಿಡು.”

“ಏನು ಯಾವ ವರ್ಷ?”

“ಶುರುವಾಗಿದ್ದು.”

ಅವಳು ಬಗ್ಗಿ ತೆರೆಯ ಮೇಲಿನ ತನ್ನ ಮುಖಗಳ ಸಾಲನ್ನು, ಬೇರೆ ಯಾರದೋ ಎಂಬಂತೆ, ಕುತೂಹಲದಿಂದ ನೋಡಿದಳು.

“ಇವಲ್ಲ. ಸರಿಯಾಗಿ ನಿಂತ್ಕೊಳ್ಳೋ ಮುಂಚೆ ತೆಗೀತಿದ್ರಲ್ಲ, ಅವೆಲ್ಲಿ?”

“ಯಾವುವು?”

“ಬೆಳಕು ನೋಡೋಕೆ ಅಂತ. ಪುಟ್ಟಿ ನನ್ನ ಜಡೆ ಎಳೀತಿದ್ಲು. ಒಂದ್ಸಲ ನೀವು ಟೈಮರ್ ಒತ್ತಿ ಓಡಿ ಬರೋವಾಗ ಜಾರಿಬಿದ್ರಿ. ನಾನು ನಕ್ಕೂ ನಕ್ಕೂ ನೆಲದ ಮೇಲೇ ಕೂತ್ಬಿಟ್ಟೆ. ಆಗ್ಲೇ ಅದು ಕ್ಲಿಕ್ ಅಂತು.”

“ಅವು ಅಲುಗಿದ್ವು. ಆವತ್ತಾವತ್ತೇ ಅಳಿಸಿದೀನಿ.”

“ಎಲ್ಲಾನೂ?”

“ಅಲುಗಿದ್ದನ್ನ ಇಟ್ಕೊಂಡು ಏನ್ ಮಾಡೋದು?”

ಅವಳು ನಕ್ಕಳೋ, ಉಸಿರು ಬಿಟ್ಟಳೋ, ಅವನಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಪೆನ್‌ಡ್ರೈವನ್ನು ತಿರುಗಿ ಚೀಲಕ್ಕೆ ಹಾಕಿಕೊಂಡಳು.

“ನಿನ್ನ ಪಾಲು?”

“ನೀವೇ ಇಟ್ಕೊಳ್ಳಿ. ಜಾಗ ಸಾಲದಿದ್ರೆ ಒಂದೇ ಸಾಕು.”

ಬಾಗಿಲು ಮುಚ್ಚಿಕೊಂಡಿತು. ಅವನು ಬಹಳ ಹೊತ್ತು ಗೋಡೆಯನ್ನು ನೋಡಿದ. ಅವಳಿಲ್ಲದ್ದಾದರೂ ಆ ತಂತ್ರಾಂಶದ ಕಣ್ಣಿಗೆ ಬೀಳುತ್ತದೆಯೇ ಎಂಬ ಸಣ್ಣ ಕುತೂಹಲ ಆಗ ಹುಟ್ಟಿತು. ಸ್ಟ್ಯಾಂಡನ್ನು ಟೇಪಿನ ಮೇಲೆ ನಿಲ್ಲಿಸಿ ಟೈಮರ್ ಒತ್ತಿದ. ಕೆಂಪು ದೀಪ ಮಿಟುಕತೊಡಗಿತು. ತನ್ನ ಗುರುತಿನತ್ತ ಹೊರಟವನು ಅರ್ಧದಲ್ಲಿ, ಚಿತ್ರದ ಅಂಚಿನಾಚೆಗೇ, ನಿಂತುಬಿಟ್ಟ.

ಕ್ಲಿಕ್.

ಬೋಳು ಗೋಡೆ. ಕೆಳಗೆ ಮೂರು ಜೊತೆ ಪಾದಗಳ ಹಳದಿ ಗುರುತು.

ಕಂಪ್ಯೂಟರಿಗೆ ಇಳಿಸಿದಾಗ ತಂತ್ರಾಂಶ ಅದನ್ನು ಕೊಂಚ ಹೊತ್ತು ಪರಿಶೀಲಿಸಿತು. ಬಳಿಕ, ಯಾವ ತಕರಾರೂ ಇಲ್ಲದೆ, ಅದೇ ಗುಂಪಿನ ಕೊನೆಗೆ ಸೇರಿಸಿತು. ಸೇರಿಸಿ, ಎಲ್ಲಕ್ಕಿಂತ ಸ್ಪಷ್ಟವಾದ ಚಿತ್ರವೆಂದು ಅದರ ಮೂಲೆಯಲ್ಲೊಂದು ನಕ್ಷತ್ರವಿಟ್ಟಿತು. ಹಿಂದಿನ ವರ್ಷಗಳೆಲ್ಲದರ ಮೇಲೂ ಒಂದೊಂದೇ ಕೆಂಪು ಗುರುತು ಬಿತ್ತು.

‘ಮಿಕ್ಕವನ್ನು ಅಳಿಸಲೇ?’

ಅವನು ಉಸಿರು ಬಿಗಿಹಿಡಿದು, ಎಳ್ಳಷ್ಟೂ ಅಲುಗದೆ, ಅದನ್ನೇ ನೋಡುತ್ತ ಕುಳಿತ.