ಹೊಳೆಯ ಉಸುಕಿಗೆ ಎಷ್ಟು ಗಾಳಿ?

ಸಾಲಹಳ್ಳಿಯ ಲಗಮಣ್ಣನ ಜೀಪು ಆ ಬೇಸಿಗೆಯಲ್ಲಿ ಬತ್ತಿದ ಮಲಪ್ರಭಾ ಹೊಳೆಯ ಉಸುಕಿನಲ್ಲಿ ಮೂರು ಸಲ ಹುಗಿದಿತ್ತು. ಮೂರು ಸಲವೂ ದಂಡೆಯ ಹೊಲದವರು ಎತ್ತು ಕಟ್ಟಿ ಎಳೆದು ಹೊರಗೆ ಹಾಕಿದ್ದರು. "ಉಸುಕ ಅಂದಮ್ಯಾಲ ಹುಗಿಯೂದ. ಅದಕ್ಕೇನ್ ಮಾಡಾಕಾಗತೈತಿ?" ಎಂದು ಲಗಮಣ್ಣ ಬೆವರು ಒರೆಸಿಕೊಂಡು ಮತ್ತೆ ಸ್ಟೇರಿಂಗು ಹಿಡಿಯುತ್ತಿದ್ದ. ಅವನ ಹೆಂಡತಿ ಸಾವಂತ್ರೆವ್ವ ಮಾತ್ರ ಹೊಳೆ ದಾಟುವವರೆಗೂ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು.

ಜೀಪು ಕೊಳ್ಳುವ ಮೊದಲು ಲಗಮಣ್ಣ ಇಪ್ಪತ್ತು ವರ್ಷ ಬಂಡಿ ಹೊಡೆದವನು. ಜೀಪು ಬಂದರೂ ಬುದ್ಧಿ ಬಂಡಿಯದೇ ಉಳಿದಿತ್ತು. ಗಾಲಿಯ ಕಬ್ಬಿಣದ ಪಟ್ಟಿ ಬಿಗಿಯಾಗಿದ್ದಷ್ಟೂ ಬಂಡಿ ಹಗುರ ಓಡುತ್ತದೆ, ಹಾಗೇ ಟೈರು ಕಲ್ಲಿನಂತಿರಬೇಕು ಎಂಬುದು ಅವನ ಲೆಕ್ಕ. ದೂರದ ದುಡಿಮೆಯ ದಿನ ಎತ್ತಿಗೆ ಹೆಚ್ಚು ಹಿಂಡಿ ಇಡುವಂತೆ, ಹೊಳೆ ದಾಟುವ ದಿನ ಜೀಪಿಗೆ ಹೆಚ್ಚು ಗಾಳಿ ಹಾಕಿಸುತ್ತಿದ್ದ. ಆಮೇಲೆ ಬಾರುಕೋಲಿನ ಹಿಡಿಯಿಂದ ನಾಲ್ಕೂ ಟೈರುಗಳನ್ನು ಬಡಿದು, ಕಿವಿಗೊಟ್ಟು ಕೇಳುತ್ತಿದ್ದ.

ಗಾಳಿ ಹಾಕುವವರು ಬೈಲಹೊಂಗಲದ ತ್ರ್ಯಂಬಕ ಭಟ್ಟರು. ಮನೆತನ ಪುರಾಣ, ಪಂಚಾಂಗದ್ದು. ಇವರು ಮಾತ್ರ ಹತ್ತು ವರ್ಷ ಮಿಲಿಟರಿಯ ವರ್ಕ್‌ಶಾಪಿನಲ್ಲಿ, ರಾಜಸ್ಥಾನದ ಮರಳುಗಾಡಿನಲ್ಲಿ ದುಡಿದು ಬಂದು ಪೇಟೆಯಲ್ಲಿ ಟೈರಿನ ಅಂಗಡಿ ಇಟ್ಟಿದ್ದರು.

"ಭಟ್ರ, ನಲವತ್ತೈದ ಪೌಂಡ ಹಾಕ್ರಿ. ಸೋಮವಾರ ಮಗಳ ಮನಿಗೆ ಹೊಳಿ ದಾಟೂದೈತಿ," ಎಂದು ಆ ಶನಿವಾರ ಲಗಮಣ್ಣ ಹೇಳಿದಾಗ ಭಟ್ಟರು ಪಂಪು ಕೆಳಗಿಟ್ಟರು.

"ಲಗಮಣ್ಣ, ಉಸುಕಿನ್ಯಾಗ ಹೋಗೂದಿದ್ರ ಗಾಳಿ ಕಡಿಮಿ ಮಾಡಬೇಕು. ನೀವು ಉಲ್ಟಾ ನಡದೀರಿ ನೋಡ್ರಿ."

"ಹಸದ ಎತ್ತು ಬಂಡಿ ಎಳಿತೈತೇನ್ರಿ? ನಿಮ್ಮ ಮಂತ್ರ ನಿಮ್ಮ ದೇವರ ಮುಂದ ಹೇಳ್ರಿ. ಇಲ್ಲಿ ಗಾಳಿ ಹೊಡೀರಿ."

ಭಟ್ಟರು ನಕ್ಕು ಗಾಳಿ ಹೊಡೆದರು.

ಸೋಮವಾರ ಬೆಳಗಿನ ಐದಕ್ಕೇ ಗಂಡ ಹೆಂಡತಿ ಹೊರಟರು. ಹೊಳೆಯಾಚೆ ತೋಟದ ವಸ್ತಿಯಲ್ಲಿ ಮಗಳು ರಾಯವ್ವನ ಮನೆ. ಒಂದೂವರೆ ವರ್ಷದ ಮೊಮ್ಮಗಳು ಮಾಯವ್ವನಿಗೆ ವಾಂತಿ ಭೇದಿ ಶುರುವಾಗಿದೆ ಎಂದು ಹಿಂದಿನ ಸಂಜೆ ಸುದ್ದಿ ಬಂದಿತ್ತು. ಅಳಿಯ ದುಂಡಪ್ಪ ಕಾಲುವೆಯ ಕೆಲಸಕ್ಕೆ ದೂರ ಹೋಗಿದ್ದ. ನಸುಕಿನ ತಂಪಿಗೆ ಉಸುಕು ಗಟ್ಟಿಯಾಗಿತ್ತು, ಜೀಪು ಹಗುರವಿತ್ತು. ದಾಟಿ ಹೋದರು. "ನೋಡಿದೇನ? ನಲವತ್ತೈದ!" ಎಂದ ಲಗಮಣ್ಣ.

ಮುಂಜಾನೆಯೆಲ್ಲ ಉಪ್ಪು ಸಕ್ಕರೆಯ ನೀರು ಕುಡಿಸಿದರೂ ಮಧ್ಯಾಹ್ನ ಎರಡು ಗಂಟೆಗೆ ಕೂಸಿನ ಕಣ್ಣುಗಳು ಒಳಗೆ ಹೋಗಿದ್ದವು. ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಮುಂಜಾನೆಯಿಂದ ಒಂದಕ್ಕೆ ಹೋಗಿರಲಿಲ್ಲ. ಸಾವಂತ್ರೆವ್ವ ಅದರ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟಳು. ಚರ್ಮ ಬಟ್ಟೆಯ ಮಡಿಕೆಯ ಹಾಗೆ ನಿಂತೇ ಇತ್ತು. ಚರ್ಮ ಹೀಗೆ ನಿಂತರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಊರಿಗೆ ಬರುವ ನರ್ಸಬಾಯಿ ಹೇಳಿದ್ದು ಅವಳಿಗೆ ನೆನಪಿತ್ತು.

"ನಡೀರಿ, ರಾಮದುರ್ಗದ ದವಾಖಾನಿಗೆ. ಈಗ," ಎಂದಳು.

ಸುತ್ತಿನ ದಾರಿ ಹದಿನಾರು ಮೈಲಿ, ಬಂಡಿಯ ಜಾಡು, ಎರಡು ತಾಸು. ಹೊಳೆ ದಾಟಿದರೆ ಏಳೇ ಮೈಲಿ. ವಸ್ತಿಯಲ್ಲಿ ಟ್ರ್ಯಾಕ್ಟರಿನ ಟ್ಯೂಬಿಗೆ ತೇಪೆ ಹಾಕಲು ಬಂದಿದ್ದ ತ್ರ್ಯಂಬಕ ಭಟ್ಟರೂ ಚೀಲ, ಕೈಪಂಪು ಹಿಡಿದು, ಕೂಸನ್ನು ಎತ್ತಿಕೊಂಡಿದ್ದ ರಾಯವ್ವನ ಜೊತೆ ಹಿಂದೆ ಹತ್ತಿದರು.

"ಲಗಮಣ್ಣ, ದಂಡಿಮ್ಯಾಲ ನಿಂದರಸ್ರಿ. ಗಾಳಿ ಇಳಿಸಿ ಹೋಗೋಣು."

"ಕೂಸಿನ ಜೀವ ಹೋಗಾಕ ಹತ್ತೈತಿ, ಈಗ ನಿಂದರಸಂತೀರೇನ್ರಿ?"

ಜೀಪು ಉಸುಕಿಗೆ ಇಳಿಯಿತು. ಮೇ ತಿಂಗಳ ಬಿಸಿಲಿಗೆ ಉಸುಕು ಹುರಿದ ರವೆಯಂತೆ ಸಡಿಲಾಗಿತ್ತು. ಮಧ್ಯಹೊಳೆಗೆ ಬರುವಷ್ಟರಲ್ಲಿ ಓಟ ಕುಗ್ಗಿತು. ಲಗಮಣ್ಣ ಕಾಲೊತ್ತಿದ. ಇಂಜಿನ್ನು ಚೀರಿತು, ಗಾಲಿಗಳು ನಿಂತಲ್ಲೇ ತಿರುಗಿ ಕುಳಿ ತೋಡಿದವು. ಜೀಪಿನ ಹೊಟ್ಟೆ ಉಸುಕಿಗೆ ತಾಗಿ ಕೂತಿತು.

"ಕಾಲ ತಗೀರಿ! ತಿರುಗಿಸಿದಷ್ಟೂ ಒಳಗ ಹೋಗತದ!" ಎಂದು ಭಟ್ಟರು ಕೂಗಿದರು.

ಲಗಮಣ್ಣ ಇಂಜಿನ್ನು ಆರಿಸಿದ. ರಾಯವ್ವನ ಬಿಕ್ಕು ಮಾತ್ರ ಕೇಳುತ್ತಿತ್ತು.

"ನಾ ಓಡಿ ಹೋಗಿ ಎತ್ತ ತರತೇನಿ," ಎಂದು ಅವನು ಕೆಳಗೆ ಹಾರಿದ.

"ಇವತ್ತ ಯಾವ ವಾರ್ರಿ?" ಎಂದಳು ಸಾವಂತ್ರೆವ್ವ.

ಅವನು ಅಲ್ಲೇ ನಿಂತ. ಸೋಮವಾರ. ಅದು ಎತ್ತಿಗೆ ಬಿಡುವಿನ ವಾರ, ಯಾರೂ ಅದರ ಹೆಗಲ ಮೇಲೆ ನೊಗ ಇಡುವುದಿಲ್ಲ. ಕೂಸಿನ ಜೀವಕ್ಕಾಗಿ ಕೇಳಿದರೆ ಇಲ್ಲವೆನ್ನುವವರಲ್ಲ. ಆದರೆ ಎತ್ತುಗಳೆಲ್ಲ ಗುಡ್ಡದ ಕಡೆ ಮೇಯಲು ಹೋಗಿದ್ದವು. ಹುಡುಕಿ ಹೊಡೆದುಕೊಂಡು ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಸಾವಂತ್ರೆವ್ವ ಉಪ್ಪು ಸಕ್ಕರೆ ಕಲಸಿದ ನೀರನ್ನು ಕೂಸಿನ ಬಾಯಿಗೆ ಚಮಚೆಯಿಂದ ಬಿಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಅವಳು ಭಟ್ಟರ ಕಡೆ ತಿರುಗಿದಳು.

"ಗಾಳಿ ಬಿಟ್ರ ಖರೇನ ಮ್ಯಾಲ ಬರತೈತೇನ್ರಿ ಭಟ್ರ?"

"ಬರತದವಾ. ಈಗ ಟೈರು ಒನಕಿ ಇದ್ದಂಗ ಅದ, ನೆಲಕ್ಕ ಚುಚ್ಚತದ. ಗಾಳಿ ಇಳಿಸಿದ್ರ ಒಂಟಿ ಪಾದ ಇದ್ದಂಗ ಅಗಲ ಆಗತದ. ಉಸುಕಿನ ಮ್ಯಾಲ ತೇಲತದ."

"ಟೈರ್ ಮೆತ್ತಗಾದ್ರ ಗಾಡಿ ಸತ್ತಂಗ!" ಎಂದ ಲಗಮಣ್ಣ. "ಇಷ್ಟ ಬಿಗಿ ಇದ್ದದ್ದ ಹುಗದೈತಿ. ಇನ್ನ ಗಾಳಿ ಬಿಟ್ರ ಪಾತಾಳಕ್ಕ ಹೋಗತೈತಿ."

ಸಾವಂತ್ರೆವ್ವನ ಕಣ್ಣಿಗೆ ತಾನು ರೊಟ್ಟಿಗೆ ನಾದುವ ಕೊಣಮಿಗೆಯೊಳಗಿನ ಜೋಳದ ಹಿಟ್ಟು ಬಂತು.

"ರೊಟ್ಟಿ ಹಿಟ್ಟಿಗೆ ಬೆರಳ ಒತ್ತಿದ್ರ ತೂತ ಬೀಳತೈತಿ. ಅಂಗೈಲೆ ಬಡದ್ರ ಬೀಳತೈತೇನ್ರಿ?" ಎಂದಳು. "ನೀವು ನಾಕ ಸಲ ಬೆರಳ ಒತ್ತಿ ನೋಡೀರಿ. ಒಮ್ಮೆ ಅವರ ಮಾತ ಕೇಳ್ರಿ."

ಲಗಮಣ್ಣ ಮಗಳ ಮುಖ ನೋಡಿದ, ಕೂಸಿನ ಮುಖ ನೋಡಿದ. ಅವನ ಒಪ್ಪಿಗೆಗೆ ಕಾಯುವ ತಾಳ್ಮೆ ಸಾವಂತ್ರೆವ್ವನಲ್ಲಿ ಉಳಿದಿರಲಿಲ್ಲ. ತುರುಬಿನ ಪಿನ್ನು ಕಿತ್ತು ಮುಂದಿನ ಗಾಲಿಯ ಮುಂದೆ ಕೂತಳು. ಭಟ್ಟರು ವಾಲ್ವಿನ ಟೊಪ್ಪಿಗೆ ತಿರುಗಿಸಿ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದರು.

ಭಟ್ಟರ ಕಿಸೆಯಲ್ಲಿ ಗಾಳಿ ಅಳೆಯುವ, ಪೆನ್ನಿನಂಥ ಗೇಜು ಇತ್ತು. ಮೊದಲು ಹಿಡಿದು ನೋಡಿದರೆ ನಲವತ್ತೆಂಟು! "ನಾ ಹಾಕಿದ್ದು ನಲವತ್ತೈದು. ಬಿಸಿಲಿಗೆ, ಓಟಕ್ಕ ಕಾದು ಏರೇದ," ಎಂದರು. ಸಾವಂತ್ರೆವ್ವ ಪಿನ್ನು ಒತ್ತಿದಳು. ಗಾಳಿ ಬುಸುಗುಟ್ಟಿತು. ನಲವತ್ತು, ಮೂವತ್ತು, ಇಪ್ಪತ್ತೆರಡು. ಬೆರಳು ಮರಗಟ್ಟಿತು. ಒಂದು ಗಾಲಿಗೆ ಇಷ್ಟು ಹೊತ್ತಾದರೆ ನಾಲ್ಕಕ್ಕೆ? ಅವಳು ಹಿಂದೆ ತಿರುಗಿ ರಾಯವ್ವನನ್ನು ಕೇಳಿದಳು, "ಉಸರಾಡಾಕ ಹತ್ತೈತಿ?"

"ಹತ್ತೈತಿ ಯವ್ವಾ. ಕಣ್ಣ ತಗೀವಲ್ಲದು."

"ನೀರ ಹಾಕೂದ ಬಿಡಬ್ಯಾಡ."

"ಸಾಕು. ಹದಿನಾರು," ಎಂದರು ಭಟ್ಟರು. "ಇದಕ್ಕಿಂತ ಬಾಳ ಇಳಿಸಿದ್ರ ಟೈರು ರಿಮ್ಮಿನಿಂದ ಕಳಚತದ. ನಾಲ್ಕೂ ಒಂದ ಸಮ ಇರಬೇಕು."

ಎರಡನೆಯ ಗಾಲಿಯ ಹತ್ತಿರ ಅವಳು ಬರುವಷ್ಟರಲ್ಲಿ ಅಲ್ಲಿ ಲಗಮಣ್ಣ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಉಸುಕಿನಲ್ಲಿ ಸಿಕ್ಕ ಜಾಲಿಯ ಮುಳ್ಳು. ತಲೆ ಎತ್ತದೆ, "ಗೇಜ ಇಲ್ಲಿ ಕೊಡ್ರಿ ಭಟ್ರ," ಎಂದ.

ನಾಲ್ಕೂ ಮುಗಿದ ಮೇಲೆ ಗಾಲಿಗಳ ಹಿಂದೆ ಮುಂದೆ, ಜೀಪಿನ ಹೊಟ್ಟೆಯ ಕೆಳಗೆ ಉಸುಕನ್ನು ಕೈಯಿಂದ ತೋಡಿದರು. ಸಾವಂತ್ರೆವ್ವನ ಉಗುರಿನಿಂದ ರಕ್ತ ಬಂತು. ಭಟ್ಟರು ಹೇಳುತ್ತ ಹೋದರು: "ಮೊದಲ ನಿಮ್ಮ ಜಾಡಿನ್ಯಾಗ ಹಿಂದಕ ಬರ್ರಿ. ನಾಲ್ಕೂ ಗಾಲಿಗೆ ಜೋರ ಕೊಡೂ ಹಿಡಿಕಿ ಹಾಕ್ರಿ. ಸಣ್ಣ ಗೇರು. ಸಾವಕಾಶ ಬಿಡ್ರಿ. ಗಕ್ಕನ ತಿರುಗಸಬ್ಯಾಡ್ರಿ, ಬ್ರೇಕ ಒತ್ತಬ್ಯಾಡ್ರಿ, ನಡು ನಿಂದರಬ್ಯಾಡ್ರಿ."

ಜೀಪು ನಡುಗಿತು. ಒಂದು ಗೇಣು ಹಿಂದೆ ಸರಿಯಿತು. ಮತ್ತೊಂದು ಗೇಣು. ಆಮೇಲೆ ಕುಳಿಯಿಂದ ಎದ್ದು ನಿಂತಿತು. ಲಗಮಣ್ಣ ಉಸಿರು ಬಿಗಿಹಿಡಿದು ಮುಂದಿನ ಗೇರಿಗೆ ಹಾಕಿದ. ಸಾವಂತ್ರೆವ್ವ ಪಕ್ಕಕ್ಕೆ ಬಾಗಿ ಗಾಲಿಯನ್ನೇ ನೋಡುತ್ತಿದ್ದಳು. ಟೈರು ಕೆಳಗೆ ಉಬ್ಬಿ ಹರಡಿತ್ತು. ಹಿಂದೆ ಬೀಳುವ ಗುರುತು ಮೊದಲಿಗಿಂತ ಅಗಲವಿತ್ತು, ಆಳವಿರಲಿಲ್ಲ. ಹಾಗೇ ತೇಲಿಕೊಂಡು ಜೀಪು ಆಚೆಯ ದಂಡೆ ಹತ್ತಿತು.

ಲಗಮಣ್ಣನ ಮುಖ ಅರಳಿತು. "ಭಟ್ರ! ಇನ್ನ ಹಿಂಗ ಬಿಡತೇನಿ ನೋಡ್ರಿ, ಹತ್ತ ಮಿನಿಟಿನ್ಯಾಗ ರಾಮದುರ್ಗ!"

"ನಿಂದರ್ರಿ!" ಭಟ್ಟರು ಮುಂದಿನ ಸೀಟಿಗೇ ಕೈಹಾಕಿ ಅವನ ತೋಳು ಹಿಡಿದರು. "ಈಗ ಗಾಳಿ ತುಂಬಬೇಕು."

"ಮತ್ತ ತುಂಬೂದ? ಈಗಷ್ಟ ಮೆತ್ತಗ ಇರಲಿ ಅಂದ್ರಿ!"

"ಉಸುಕಿಗೆ ಅಂದೆ. ಇದು ಕಲ್ಲಿನ ರಸ್ತೆ. ಹದಿನಾರ ಪೌಂಡಿನ್ಯಾಗ ಜೋರ ಓಡಿಸಿದ್ರ ಟೈರು ಮಡಚಿ ಮಡಚಿ ಕಾದು ಒಡೀತದ. ತಿರುವಿನ್ಯಾಗ ಜೀಪ ಮಗುಚತದ. ಕೂಸು ದವಾಖಾನಿ ಕಾಣೂದಿಲ್ಲ."

ಲಗಮಣ್ಣ ಹೆಂಡತಿಯ ಕಡೆ ನೋಡಿದ. ಇದು ಸಾವಂತ್ರೆವ್ವನಿಗೆ ಉಸುಕಿಗಿಂತ ಕಠಿಣವಾಯಿತು. ರಸ್ತೆ ಕಣ್ಣೆದುರಿಗೇ ಇತ್ತು. ಕೂಸಿನ ಕೈ ತಣ್ಣಗಾಗುತ್ತಿತ್ತು. ಹೊರಡು ಎಂದು ಒಂದು ಮಾತು ಅಂದರೆ ಅವನು ಹೊರಡುತ್ತಿದ್ದ.

"ಪಂಪ ಇಳಿಸ್ರಿ," ಎಂದಳು.

ಮೂವರೂ ಸರದಿಯಲ್ಲಿ ಹೊಡೆದರು. ಒಂದು ಸರದಿಗೆ ಲಗಮಣ್ಣ ಐವತ್ತು ಸಲ, ಭಟ್ಟರು ಮೂವತ್ತು, ಸೆರಗು ಸಿಕ್ಕಿಸಿ ಸಾವಂತ್ರೆವ್ವ ಇಪ್ಪತ್ತು. ಭಟ್ಟರ ಎದೆ ತಿದಿಯಂತೆ ಏರಿಳಿಯುತ್ತಿತ್ತು. "ಜಲ್ಲಿ ರಸ್ತೆಗೆ ಇಪ್ಪತ್ನಾಲ್ಕು ಸಾಕು, ನಿಧಾನ ಹೋಗೋಣು. ಡಾಂಬರಿನ ಮ್ಯಾಲ ಜೋರ ಹೋಗೂ ದಿವಸ ಇಪ್ಪತ್ತೆಂಟಕ್ಕ ಏರಸ್ರಿ," ಎಂದು ತೇಕುತ್ತ ಹೇಳಿದರು. ಹನ್ನೆರಡು ನಿಮಿಷ ಹಿಡಿಯಿತು. ಸಾವಂತ್ರೆವ್ವನಿಗೆ ಅದು ಹನ್ನೆರಡು ವರ್ಷ.

ದವಾಖಾನೆಯಲ್ಲಿ ಡಾಕ್ಟರು ಕೂಸನ್ನು ನೋಡಿದ್ದೇ ತಡ, ಕೈಯಲ್ಲಿ ನರ ಸಿಗದೆ ತಲೆಯ ನರಕ್ಕೆ ಸೂಜಿ ಹಾಕಿ ಸಲೈನು ಹಚ್ಚಿದರು. "ಇನ್ನ ಒಂದ ತಾಸ ತಡ ಆಗಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಲಗಮಣ್ಣ ಬಾಗಿಲಲ್ಲಿ ಗೋಡೆ ಹಿಡಿದು ಕೂತ. ಸಾವಂತ್ರೆವ್ವ ಬಾಟಲಿಯಿಂದ ಬೀಳುವ ಒಂದೊಂದೇ ಹನಿಯನ್ನು ನೋಡುತ್ತ, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲುಗದೆ ಕೂತಳು.

ಕಿಟಕಿಯ ಬಿಸಿಲು ಕೆಂಪಾಗುವ ಹೊತ್ತಿಗೆ ಅವಳ ತೊಡೆ ಬೆಚ್ಚಗಾಯಿತು. ಸೀರೆ ನೆನೆದಿತ್ತು. ಅವಳು ಕೆಳಗೆ ನೋಡಿದಳು, ಕೈಯಿಂದ ಮುಟ್ಟಿ ನೋಡಿದಳು.

"ರಾಯವ್ವಾ, ಕೂಸು ಒಂದಕ್ಕ ಮಾಡೇತಿ!" ಎಂದು ಕೂಗಿದಳು. ದಿನವೆಲ್ಲ ಅಳದವಳು ಆಗ ಅತ್ತಳು. ದವಾಖಾನೆಯ ನರ್ಸಬಾಯಿ ಓಡಿ ಬಂದು ನಕ್ಕಳು. ಲಗಮಣ್ಣ ಎದ್ದು ಹೊರಗೆ ಹೋಗಿ, ಅಂಗಳದ ಬೇವಿನ ಕೆಳಗೆ ಕೂತಿದ್ದ ಭಟ್ಟರ ಮುಂದೆ ನಿಂತ.

"ಭಟ್ರ, ಆ ಗೇಜ ನಂಗೊಂದ ತರಿಸಿ ಕೊಡ್ರಿ. ಪಂಪೂ ಬೇಕು."

"ಮತ್ತ ಹಸದ ಎತ್ತು?"

"ಎತ್ತಿನ ಮಾತ ಬಿಡ್ರಿ. ಬಂಡಿ ಹೊಡ್ಯಾಂವ ನಾನು, ಇವತ್ತ ಜೀಪ ಹೊಡ್ಯಾಕ ಕಲತೆ."

ಜೀಪು, ಟ್ರಕ್ಕು ಓಡಿಸುವ ಅಣ್ಣಂದಿರೇ, ರಾಮದುರ್ಗ, ಸವದತ್ತಿ, ಬೈಲಹೊಂಗಲದ ದಾರಿಗಳು ಒಂದೇ ತರಹದವಲ್ಲ; ಒಂದೇ ಗಾಳಿ ಎಲ್ಲ ದಾರಿಗೂ ಆಗುವುದಿಲ್ಲ. ಇಲ್ಲಿ ಹೇಳಿದ ಪೌಂಡುಗಳು ಲಗಮಣ್ಣನ ಜೀಪಿನವು. ಭಾರ ಹೇರಿದ ಗಾಡಿಗೆ, ದೊಡ್ಡ ಟೈರಿಗೆ ಲೆಕ್ಕ ಬೇರೆ. ನಿಮ್ಮ ಗಾಡಿಯ ಪುಸ್ತಕ ನೋಡಿ, ತಿಳಿದ ಮಿಸ್ತ್ರಿಯನ್ನು ಕೇಳಿ. ಗಾಳಿಯನ್ನು ಮುಂಜಾನೆ, ಟೈರು ತಣ್ಣಗಿದ್ದಾಗ ಅಳೆಯಿರಿ. ಕೋಲಿನಿಂದ ಬಡಿದು ಅಳೆಯಬೇಡಿ. ಉಸುಕಿಗೆ ಇಳಿಯುವ ಮೊದಲೇ ಗಾಳಿ ಇಳಿಸಿ, ಹುಗಿದ ಮೇಲಲ್ಲ. ಗಟ್ಟಿ ರಸ್ತೆಗೆ ಬಂದೊಡನೆ ಮರಳಿ ತುಂಬಿ. ತುಂಬಲು ಪಂಪು ಜೊತೆಗಿಲ್ಲದಿದ್ದರೆ ಉಸುಕಿನ ದಾರಿ ಹಿಡಿಯಲೇಬೇಡಿ.

ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂಡುವ ಅಕ್ಕ ತಂಗಿಯರಿಗೂ ಒಂದು ಮಾತು. ಗಾಡಿಯ ವಿಷಯ ಗಂಡಸರದು ಎಂದು ಸುಮ್ಮನಿರಬೇಡಿ. ಅದರಲ್ಲಿ ಕೂತಿರುವ ಜೀವ ನಿಮ್ಮದು, ನಿಮ್ಮ ಕೂಸಿನದು. ಟೈರಿನಲ್ಲಿ ಗಾಳಿ ಎಷ್ಟಿದೆ, ಪಂಪು ಎಲ್ಲಿದೆ ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಹತ್ತಿ.